ನೀಲಿ ಬಸ್ಸಿನ ಮಾಲೀಕಮ್ಮ

ಏಪ್ರಿಲ್ 3

ಏನೇ ಮಹರಾಯ್ತಿ,

ಮೊದಲು ನೆಟ್ಟಗೆ ಕೂತುಕೊ. ಕೈಯಲ್ಲಿರುವ ಫೋನನ್ನು ಮಗುಚಿ ಹಾಕು. ಒಂದು ಕಣ್ಣು ಅದರ ಮೇಲೆ, ಇನ್ನೊಂದು ಕಣ್ಣು ನನ್ನ ಕಾಗದದ ಮೇಲೆ ಇಟ್ಟು ಓದುವುದಾದರೆ ಓದಲೇ ಬೇಡ. ಮಡಿಸಿ ನಿನ್ನ ಮೇಜಿನ ಕಾಲಿನ ಕೆಳಗೆ ಇಡು, ಅದು ಅಲ್ಲಾಡುವುದಾದರೂ ನಿಲ್ಲಲಿ. ಫೋನಿದ್ದೂ ನಾನು ಕಾಗದ ಬರೆಯುವುದು ಇದಕ್ಕೇ. ಫೋನಿನಲ್ಲಿ ನೀನು ಷೇರಿನ ಬೆಲೆ ನೋಡುತ್ತಾ 'ಹ್ಞೂಂ ಅಜ್ಜಿ, ಹ್ಞೂಂ ಅಜ್ಜಿ' ಎನ್ನುತ್ತಿರುತ್ತೀಯ. ನಾನು ಸತ್ತೆ ಕಣೇ ಎಂದರೂ 'ಹ್ಞೂಂ ಅಜ್ಜಿ, ಹುಷಾರಾಗಿರು' ಎಂದೇ ಹೇಳುವವಳು ನೀನು.

ಎಪ್ಪತ್ತು ತುಂಬಿದ ಅಜ್ಜಿಗೆ ಮೊಮ್ಮಕ್ಕಳು ಶಾಲು ಕಳಿಸುತ್ತಾರೆ, ಮೆತ್ತನೆಯ ಚಪ್ಪಲಿ ಕಳಿಸುತ್ತಾರೆ. ನೀನು ಬಸ್ ಕಂಪನಿಯನ್ನು ಕಳಿಸಿದ್ದೀಯ. ಹೋದ ಸಲ ಬಂದಾಗ ಅಲ್ಲಿ ಸಹಿ ಹಾಕು, ಇಲ್ಲಿ ಸಹಿ ಹಾಕು ಎಂದು ನನ್ನ ಬೆರಳು ನೋಯುವ ತನಕ ಬರೆಸಿಕೊಂಡೆಯಲ್ಲ, ಅದು ಇದಕ್ಕೆಂದು ಈಗ ತಿಳಿಯಿತು. ಅಂಚೆಯಲ್ಲಿ ಬಂದ ಹಾಳೆಯನ್ನು ಕೆಳಗಿನ ಬೀಗದ ಅಂಗಡಿಯವನಿಗೆ ತೋರಿಸಿದೆ. ಅವನು ಮೂಗಿನ ತುದಿಗೆ ಕನ್ನಡಕ ಇಳಿಸಿ ಓದಿ, "ಅಜ್ಜೀ, ನೀಲಿ ಬಸ್ಸಿನ ಕಂಪನಿಯಲ್ಲಿ ನಿಮಗೆ ಪಾಲು ಬಂದಿದೆ. ಪಾಲು ಇದ್ದವರು ಅಂದ್ರೆ ಮಾಲೀಕರೇ ಅಲ್ವಾ?" ಅಂದ.

ಕಂಪನಿ ನಮ್ಮದು ಎಂದ ಮೇಲೆ ಹೇಗೆ ನಡೆಯುತ್ತಿದೆ ಎಂದು ಒಮ್ಮೆ ಹೋಗಿ ನೋಡುವುದು ಬೇಡವೇ? ದಬ್ಬಳವನ್ನು ಹೊಲಿಯುತ್ತಿದ್ದ ದಿಂಬಿಗೆ ಚುಚ್ಚಿಟ್ಟು, ಮೈಮೇಲಿನ ಹತ್ತಿ ಕೊಡವಿಕೊಂಡು ಹೊರಟೇಬಿಟ್ಟೆ. ಟಿಕೆಟ್ಟು ತೆಗೆದುಕೊಂಡೆ. ನಮ್ಮ ಗಲ್ಲಾಪೆಟ್ಟಿಗೆಗೆ ನಾವೇ ಮೋಸ ಮಾಡಬಾರದು. ಪಕ್ಕದಲ್ಲಿ ಒಬ್ಬ ಎತ್ತರದ ಮನುಷ್ಯ ಕಂಬಿ ಹಿಡಿದು ನಿಂತಿದ್ದ. ಕಂಡಕ್ಟರ್ ಎಲ್ಲರ ಬಳಿಗೂ ಹೋದ, ಅವನ ಬಳಿಗೆ ಮಾತ್ರ ಹೋಗಲಿಲ್ಲ. ನಾನು ಬಿಡುತ್ತೇನೆಯೇ?

"ಎಲ್ಲಪ್ಪಾ ನಿಮ್ಮ ಟಿಕೆಟ್ಟು?"

"ನನಗೆ ಬೇಡಮ್ಮ."

"ಬೇಡವಾ? ಬಸ್ಸೇನು ನಿಮ್ಮ ಮಾವ ಮದುವೇಲಿ ಕೊಟ್ಟಿದ್ದಾ?"

ಕಂಡಕ್ಟರ್ ನಾಲಿಗೆ ಕಚ್ಚಿಕೊಂಡ. "ಅಮ್ಮಾ, ಅವರು ಟಿಕೆಟ್ ಚೆಕ್ ಮಾಡೋ ಸಾಹೇಬರು."

"ಹಾಗಾದ್ರೆ ಚೆಕ್ ಮಾಡ್ಲಿ. ಕಂಬಿ ಹಿಡ್ಕೊಂಡು ನಿಲ್ಲೋದಕ್ಕಾ ನಾವು ಸಂಬಳ ಕೊಡೋದು? ನಾನು ಈ ಕಂಪನಿಯ ಮಾಲೀಕಳು."

ಆ ಸಾಹೇಬ ನಗಲಿಲ್ಲ, ಸಿಟ್ಟೂ ಆಗಲಿಲ್ಲ. "ಸರಿ ಮಾಲೀಕಮ್ಮ, ನಿಮ್ಮಿಂದಲೇ ಶುರು ಮಾಡ್ತೀನಿ. ಟಿಕೆಟ್ ತೋರಿಸಿ" ಅಂದ. ತೋರಿಸಿದೆ. ಇಡೀ ಬಸ್ಸು ನಕ್ಕಿತು. ಆಮೇಲೆ ಅವನೇ ಒಬ್ಬರನ್ನು ಸರಿಸಿ ನನಗೆ ಕಿಟಕಿಯ ಸೀಟು ಕೊಡಿಸಿದ. ಕೊನೆಯ ಸ್ಟಾಪಿನ ತನಕ ಕೂತಿದ್ದೆ. ಯಾರೂ ಏಳಿ ಎನ್ನಲಿಲ್ಲ. ಚೆನ್ನಾಗಿತ್ತು ಕಣೇ.

ನಿನಗೆ ಹೊತ್ತಿಗೆ ಊಟ ಆಗುತ್ತಿದೆಯೋ ಇಲ್ಲವೋ ಬರಿ.

ಅಜ್ಜಿ


ಏಪ್ರಿಲ್ 24

ಪ್ರೀತಿಯ ಅಜ್ಜಿ,

ಫೋನು ಮಗುಚಿ ಹಾಕಿದ್ದೇನೆ. ಬೇಕಾದರೆ ಬಂದು ನೋಡು.

ಆ ಸಾಹೇಬರ ಕಥೆ ಓದಿ ಲ್ಯಾಬಿನಲ್ಲಿ ಎಷ್ಟು ನಕ್ಕೆ ಎಂದರೆ ಕೈಯಲ್ಲಿದ್ದ ಮೇಣದ ಹಲ್ಲಿನ ಸಾಲು ಕೆಳಗೆ ಬಿದ್ದು ಎರಡು ದವಡೆ ಹಲ್ಲು ಚಪ್ಪಟೆಯಾದವು. ಯಾರೋ ಪಾಪದ ಮುದುಕರು ಆ ಹಲ್ಲಿಗೆ ಇನ್ನೂ ಒಂದು ದಿನ ಕಾಯಬೇಕು. ತಪ್ಪು ನಿನ್ನದು.

ಆದರೆ ಅಜ್ಜಿ, ಒಂದು ಮಾತು. ನಿನ್ನ ಹೆಸರಿನಲ್ಲಿರುವುದು ನಲವತ್ತೇ ಷೇರು. ಆ ಕಂಪನಿಗೆ ಕೋಟಿಗಟ್ಟಲೆ ಷೇರುಗಳಿವೆ. ಲೆಕ್ಕ ಹಾಕಿದರೆ ಅಷ್ಟೂ ಬಸ್ಸುಗಳಲ್ಲಿ ನಿನ್ನ ಪಾಲಿಗೆ ಬರುವುದು ಒಂದೋ ಎರಡೋ ಬೋಲ್ಟು. ದಯವಿಟ್ಟು ಬಸ್ಸಿನಲ್ಲಿ ಯಾರನ್ನೂ ಬೈಯಬೇಡ.

ನನ್ನದು ನಿನಗೆ ಗೊತ್ತೇ ಇದೆ. ಮೂರು ವರ್ಷದಿಂದ ಉಳಿಸಿದ್ದೆಲ್ಲ ಷೇರಿನಲ್ಲಿದೆ. ಎಲ್ಲವೂ ಏರುತ್ತಿದೆ. ಇನ್ನೊಂದಿಷ್ಟು ಏರಲಿ, ಒಂದು ಸ್ವಂತ ಮನೆ ಕೊಂಡು ನಿನ್ನನ್ನು ಕರೆದುಕೊಂಡು ಬರುತ್ತೇನೆ. ಒಂದು ಕೋಣೆ ನಿನಗೆ, ನಿನ್ನ ಹತ್ತಿಗೆ. ಅಲ್ಲಿ ನೀನು ಎಷ್ಟು ಬೇಕಾದರೂ ದಿಂಬು ತುಂಬು, ಮೂಗಿಗೆ ಹತ್ತಿ ಹೋಯಿತು ಎಂದು ಯಾರೂ ಬಾಗಿಲು ಬಡಿಯುವುದಿಲ್ಲ. ಸಣ್ಣ ಬಾಡಿಗೆ ಮನೆ ಹಿಡಿದು ಈಗಲೇ ಕರೆದುಕೊಂಡು ಹೋಗು ಎಂದು ನೀನು ಒಮ್ಮೆ ಅಂದಿದ್ದೆ. ಬಾಡಿಗೆ ಮನೆ ನನಗೆ ಬೇಡ. ಬಾಡಿಗೆ ಮನೆಯಿಂದ ನಮ್ಮನ್ನು ಎಬ್ಬಿಸಿದ ಆ ಕೈಗಾಡಿಯ ದಿನ ನೆನಪಿದೆಯಾ? ನನಗೆ ಆಗ ಎಂಟು ವರ್ಷ. ನಮ್ಮ ಪಾತ್ರೆ, ಹಾಸಿಗೆ, ಹತ್ತಿಯ ಮೂಟೆ ಎಲ್ಲ ಬೀದಿಯಲ್ಲಿ. ನೀನು ಟವಲಿನಿಂದ ಮುಖ ಮುಚ್ಚಿಕೊಂಡು ಗಾಡಿಯ ಹಿಂದೆ ನಡೆಯುತ್ತಿದ್ದೆ. ಆ ಟವಲು ನನ್ನ ಕಣ್ಣಿನಿಂದ ಹೋಗುವುದೇ ಇಲ್ಲ. ಬಾಗಿಲು ನಮ್ಮದೇ ಆಗಬೇಕು ಅಜ್ಜಿ. ಅಲ್ಲಿಯ ತನಕ ನೀನು ಹಾಯಾಗಿ ಅಲ್ಲೇ ಇರು.

ಊಟ ಆಗುತ್ತಿದೆ. ಹೊತ್ತಿನ ವಿಷಯ ಕೇಳಬೇಡ.

ನಿನ್ನ ಪುಟ್ಟಿ


ಮೇ 19

ಪುಟ್ಟಿ,

ಬೋಲ್ಟಾದರೆ ಬೋಲ್ಟೇ ಆಗಲಿ. ಯಾವ ಬಸ್ಸಿನ ಯಾವ ಬೋಲ್ಟು ಎಂದು ನಿನ್ನ ಹಾಳೆಯಲ್ಲಿ ಬರೆದಿಲ್ಲ. ಅಂದ ಮೇಲೆ ಎಲ್ಲ ಬಸ್ಸನ್ನೂ ನೋಡಿಕೊಳ್ಳುವುದು ನನ್ನ ಕರ್ತವ್ಯ.

ಈಗ ನಾನು ವಾರಕ್ಕೆ ನಾಲ್ಕು ದಿನ ಹೋಗುತ್ತೇನೆ. ಸುಮ್ಮನೆ, ಗಾಳಿ ಕುಡಿಯಲು. ಒಂದೊಂದು ದಿನ ಒಂದೊಂದು ದಾರಿ. ಆಸ್ಪತ್ರೆಯ ಹಿಂದಿನ ಬೀದಿಯ ಮನೆಗಳು ಚೆಂದ, ಆದರೆ ಮೆಟ್ಟಿಲು ಕಡಿದು. ಮೂಟೆ ಹೊತ್ತು ಹತ್ತುವವರ ಸೊಂಟ ಉಳಿಯುವುದಿಲ್ಲ. ಪ್ರೆಸ್ಸಿನ ಬೀದಿಯಲ್ಲಿ ನೀರು ಬೆಳಿಗ್ಗೆ ಮಾತ್ರವಂತೆ. ಕಾಲುವೆಯ ಪಕ್ಕದ ಮನೆಗಳ ಗೋಡೆಗೆ ಥಂಡಿ ಹಿಡಿದಿದೆ, ಹತ್ತಿ ಮುದ್ದೆಗಟ್ಟಿ ಹೋಗುತ್ತದೆ. ಬಸ್ಸಿನಲ್ಲಿ ಕೂತರೆ ಎಲ್ಲರ ಮನೆಯ ಒಳಗೂ ಕಣ್ಣು ಹೋಗುತ್ತದೆ, ಅದಕ್ಕೆ ಬರೆದೆ, ಬೇರೆ ಏನೂ ಇಲ್ಲ.

ಬೈಯಬೇಡ ಎಂದೆಯಲ್ಲ, ಬೈಯುವುದನ್ನು ಕಡಿಮೆ ಮಾಡಿದ್ದೇನೆ. ನಿನ್ನೆ ಎದುರಿನ ಸೀಟಿನ ಮೇಲೆ ಬೂಟುಕಾಲು ಇಟ್ಟವನಿಗೆ ಏನೂ ಅನ್ನಲಿಲ್ಲ. ಅವನ ಬೂಟಿನ ದಾರವನ್ನು ಕಂಬಿಗೆ ಕಟ್ಟಿದೆ, ಅಷ್ಟೇ.

ಇನ್ನೊಂದು ಸುದ್ದಿ. ದಪ್ಪ ಡ್ರೈವರ್ ಒಬ್ಬನಿದ್ದಾನೆ, ಒಳ್ಳೆಯವನು, ಹಳ್ಳ ಬಂದರೆ ಬಸ್ಸಿಗಿಂತ ಮೊದಲು ತಾನು 'ಅಮ್ಮಾ' ಎನ್ನುತ್ತಾನೆ. ನೋಡಿದರೆ ಅವನ ಸೀಟು ನಡುವೆ ಕುಸಿದಿದೆ. ನಮ್ಮ ಕಂಪನಿಯ ಮನುಷ್ಯ ಹೀಗೆ ಕೂರುವುದೇ? ಒಂದು ಗಟ್ಟಿ ದಿಂಬು ಹೊಲಿದು ಕೊಟ್ಟೆ, ನಡುವೆ ನಾಲ್ಕು ಕಡೆ ದಬ್ಬಳ ಹಾಯಿಸಿ ಬಿಗಿದು. ಮೂರೇ ದಿನದಲ್ಲಿ ಇನ್ನೂ ಐದು ಜನ ಡ್ರೈವರುಗಳು ನಮ್ಮ ಮೆಟ್ಟಿಲ ಬಳಿ. "ಮಾಲೀಕಮ್ಮ, ಅವನೊಬ್ಬನೇನಾ ನಿಮ್ಮ ಮಗ?" ಎಂದು ಕೇಳಿದರು. ಅವರಿಂದ ಕಾಸು ತೆಗೆದುಕೊಂಡೆ. ಮೊದಲನೆಯದು ಮಾತ್ರ ಮಾಲೀಕಳ ಲೆಕ್ಕಕ್ಕೆ.

ನೀನು ಷೇರಿನ ವಿಷಯ ಬಲ್ಲವಳು, ಆದರೂ ಕಣ್ಣಾರೆ ನೋಡಿ ಹೇಳುತ್ತೇನೆ. ನಮ್ಮ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಜನ ಬಾಗಿಲಲ್ಲಿ ಜೋತುಬೀಳುತ್ತಾರೆ. ಕೈಯಲ್ಲಿ ದುಡ್ಡಿದ್ದರೆ ಇದನ್ನೇ ಇನ್ನಷ್ಟು ತೆಗೆದುಕೊ.

ಬೀಗದವನು ಅಂಗಡಿ ಎತ್ತಿಕೊಂಡು ಹೋದ. ಯಾಕೆಂದು ನನ್ನನ್ನು ಕೇಳಬೇಡ. ಮನೆಗೇನೂ ಅವಸರವಿಲ್ಲ, ನಾನು ಹಾಯಾಗಿದ್ದೇನೆ.

ಅಜ್ಜಿ


ಜೂನ್ 30

ಅಜ್ಜಿ,

ಬರೆಯಲು ತಡವಾಯಿತು. ಕೆಲಸ ಜಾಸ್ತಿ. ನಿನ್ನ ಮಾತು ಕೇಳಿ ನೀಲಿ ಬಸ್ಸಿನ ಷೇರು ಇನ್ನಷ್ಟು ಕೊಂಡೆ. ಎಲ್ಲ ಚೆನ್ನಾಗಿದೆ.

ಮೊನ್ನೆ ಒಬ್ಬರ ಹಲ್ಲಿನ ಸೆಟ್ಟನ್ನು ಇನ್ನೊಬ್ಬರ ಅಚ್ಚಿನ ಮೇಲೆ ಕೂರಿಸಿಬಿಟ್ಟೆ. ಲ್ಯಾಬಿನ ಯಜಮಾನರು, "ಏನಮ್ಮಾ, ಹಗಲುಗನಸಾ?" ಅಂದರು.

ನೀನು ತಿರುಗಾಡಿಕೊಂಡು ಖುಷಿಯಾಗಿದ್ದೀಯ ಎಂದು ಓದಿ ಸಮಾಧಾನ. ಹಾಗೇ ಇರು.

ಪುಟ್ಟಿ


ಜುಲೈ 12

ಪುಟ್ಟಿ,

ಇದೊಂದು ಕಾಗದವೇ? ಬಸ್ ಟಿಕೆಟ್ಟಿನ ಹಿಂದೆ ಇದಕ್ಕಿಂತ ಹೆಚ್ಚು ಬರೆದಿರುತ್ತದೆ.

ಯಾರವನು? ನನ್ನ ಹತ್ತಿರ ಮುಚ್ಚಿಡಬೇಡ. ಉತ್ತರ ತಡ, ಬರೆದದ್ದು ಗಿಡ್ಡ, ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ. ಇದು ಯಾವ ಕಾಯಿಲೆ ಎಂದು ನನಗೆ ಗೊತ್ತಿಲ್ಲವೇ? ನಿನ್ನ ತಾತನನ್ನು ಮೊದಲು ನೋಡಿದ ವಾರ ನಾನು ಒಂದು ಹಾಸಿಗೆಯ ಬಾಯಿ ಹೊಲಿಯುವಾಗ ಕತ್ತರಿಯನ್ನು ಒಳಗೇ ಬಿಟ್ಟು ಹೊಲಿದಿದ್ದೆ. ಕೊಂಡವರು ಮಲಗಿ ಎದ್ದು ನಮ್ಮಪ್ಪನನ್ನು ಹುಡುಕಿಕೊಂಡು ಬಂದರು. ಅಪ್ಪ ಕತ್ತರಿ ನೋಡಿದ, ನನ್ನ ಮುಖ ನೋಡಿದ, ಮದುವೆ ಮಾಡಿಬಿಟ್ಟ.

ನಿನ್ನವನು ಏನು ಕೆಲಸ ಮಾಡುತ್ತಾನೆ? ನಗುತ್ತಾನೆಯೇ? ಷೇರು ಎಷ್ಟಿದೆ ಎಂದು ಕೇಳುವವನಾದರೆ ದೂರವಿಡು. ಊಟ ಆಯಿತಾ ಎಂದು ಕೇಳುವವನಾದರೆ ಒಮ್ಮೆ ತೋರಿಸು.

ಬಸ್ಸಿನ ಸಮಾಚಾರ ಚೆನ್ನಾಗಿದೆ. ಡಿಪೋದ ಸಾಹೇಬ, ಅದೇ ನನ್ನ ಟಿಕೆಟ್ಟು ನೋಡಿದವನು, ತನ್ನ ಕುರ್ಚಿಗೂ ದಿಂಬು ಕೇಳಿದ. ನಾನು ಈಚೆಗೆ ಹದಿನಾಲ್ಕನೇ ನಂಬರಿನ ಬಸ್ಸಿನಲ್ಲೇ ಹೆಚ್ಚು ಹೋಗುತ್ತೇನೆ. ಅದರ ಕೊನೆಯ ಸ್ಟಾಪಿನಲ್ಲಿ ಬಸ್ಸು ತಿರುಗುವ ದೊಡ್ಡ ಬಯಲಿದೆ. ಬಿಸಿಲು ಒಳ್ಳೆಯದು, ಹತ್ತಿ ಒಣಗಿಸಲು ಹೇಳಿಮಾಡಿಸಿದಂತಿದೆ.

ಅವನ ಹೆಸರಾದರೂ ಬರಿ.

ಅಜ್ಜಿ


ಆಗಸ್ಟ್ 25

ಅಜ್ಜಿ,

ಈ ಲಕೋಟೆಯೊಳಗೆ ಇನ್ನೊಂದು ಲಕೋಟೆ ಇದೆ. ಅದು ಆಗಸ್ಟ್ ಎರಡರಂದು ನಾನು ನಿನಗೆ ಬರೆದದ್ದು. 'ಮನೆ ಖಾಲಿ' ಎಂದು ಕೆಂಪು ಶಾಯಿಯಲ್ಲಿ ಬರೆಸಿಕೊಂಡು ನನಗೇ ವಾಪಸ್ಸು ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಲ್ಯಾಬಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಿನಗೆ ಫೋನು ಮಾಡಿದರೆ ಹಿಂದೆ ಬಸ್ಸಿನ ಹಾರ್ನು. "ಮನೆ ಖಾಲಿ ಅಂತ ಬಂದಿದೆ ಅಜ್ಜಿ, ಎಲ್ಲಿದ್ದೀಯ?" ಅಂದೆ. "ಬಸ್ಸಿನಲ್ಲಿದ್ದೀನಿ, ಟಿಕೆಟ್ ತಗೊಂಡಿದ್ದೀನಿ, ಹಳೇ ವಿಳಾಸಕ್ಕೆ ಬರೀಬೇಡ, ಡಿಪೋ ಸಾಹೇಬರ ವಿಳಾಸಕ್ಕೆ ಬರಿ" ಎಂದು ನೀನು ಫೋನು ಇಟ್ಟುಬಿಟ್ಟೆ. ಆಮೇಲೆ ಎಷ್ಟು ಸಲ ಮಾಡಿದರೂ 'ಹ್ಞೂಂ ಪುಟ್ಟಿ, ಹ್ಞೂಂ ಪುಟ್ಟಿ'. ಈಗ ನನಗೆ ಗೊತ್ತಾಗುತ್ತಿದೆ ಅದನ್ನು ಕೇಳಿಸಿಕೊಳ್ಳುವವರಿಗೆ ಹೇಗಾಗುತ್ತದೆ ಎಂದು.

ನಿನ್ನ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಕಡಿದಾದ ಮೆಟ್ಟಿಲು, ಬೆಳಿಗ್ಗೆ ಮಾತ್ರ ಬರುವ ನೀರು, ಥಂಡಿ ಹಿಡಿದ ಗೋಡೆ. ನೀನು ಗಾಳಿ ಕುಡಿಯಲು ಹೋಗುತ್ತಿರಲಿಲ್ಲ. ಮನೆ ಹುಡುಕುತ್ತಿದ್ದೆ. ನಾನು ಅದನ್ನು ಓದಿ ನಗುತ್ತಿದ್ದೆ.

ನನ್ನದನ್ನೂ ಹೇಳಿಬಿಡುತ್ತೇನೆ. ಅವನು ಯಾರೂ ಇಲ್ಲ ಅಜ್ಜಿ. ನನ್ನ ತಲೆ ಕೆಡಿಸಿದ್ದು ಷೇರು. ಜೂನಿನಿಂದ ಎಲ್ಲವೂ ಇಳಿಯುತ್ತಿದೆ. ನೀಲಿ ಬಸ್ಸು ಎಲ್ಲಕ್ಕಿಂತ ಹೆಚ್ಚು ಇಳಿಯಿತು. ಡೀಸೆಲ್ಲಿನ ಬೆಲೆ ಏರಿತು, ಹೊಸ ಬಸ್ಸಿಗೆಂದು ಮಾಡಿದ ಸಾಲ ಜಾಸ್ತಿಯಾಯಿತು. ಜನ ಬಾಗಿಲಲ್ಲಿ ಜೋತುಬಿದ್ದರೂ ಲಾಭ ಉಳಿಯಲಿಲ್ಲ. ನನ್ನ ದುಡ್ಡು ಅರ್ಧವಾಗಿದೆ. ನಾನು ಮನೆಯ ಹತ್ತಿರ ಬಂದಿದ್ದೇನೆ ಎಂದುಕೊಂಡಿದ್ದೆ, ಈಗ ಅದು ಎಷ್ಟು ವರ್ಷ ದೂರ ಹೋಯಿತೋ ಗೊತ್ತಿಲ್ಲ. ಹಗಲೆಲ್ಲ ಫೋನು ನೋಡುತ್ತೇನೆ. ಹಸಿವಿಲ್ಲ. ನಿದ್ದೆಯೂ ಇಲ್ಲ. ಚಿಕ್ಕವಳಿದ್ದಾಗ ನಿನ್ನ ದಬ್ಬಳ ದಪ್ಪ ಬಟ್ಟೆಯಲ್ಲಿ ಹಾಯುವ ಸದ್ದು ಕೇಳುತ್ತಾ ಮಲಗುತ್ತಿದ್ದೆನಲ್ಲ, ಅದೊಂದು ಇದ್ದರೆ ನಿದ್ದೆ ಬರುತ್ತಿತ್ತೋ ಏನೋ.

ನೀನು ಮತ್ತೆ ಬೀದಿಗೆ ಬರದ ಹಾಗೆ ನೋಡಿಕೊಳ್ಳಬೇಕೆಂದೇ ಇಷ್ಟೆಲ್ಲ ಮಾಡಿದೆ. ನಾನಿಲ್ಲಿ ಬೆಲೆ ಏರಲಿ ಎಂದು ಕಾಯುವಾಗ ನೀನು ಅಲ್ಲಿ ಬೀದಿಗೆ ಬಂದಿದ್ದೆ. ಎಲ್ಲಿದ್ದೀಯ? ಒಂದು ಮಾತಲ್ಲಿ ನಿಜ ಬರಿ. ಸಿಕ್ಕಷ್ಟಕ್ಕೆ ಎಲ್ಲ ಷೇರನ್ನೂ ಮಾರಿ ಬಂದುಬಿಡುತ್ತೇನೆ.

ಪುಟ್ಟಿ


ಸೆಪ್ಟೆಂಬರ್ 5

ನನ್ನ ಪೆದ್ದ ಪುಟ್ಟಿ,

ಏನೂ ಮಾರಬೇಡ. ಮೊದಲು ಊಟ ಮಾಡು. ಉಂಡಾಯಿತೇ? ಈಗ ಓದು.

ನಾನು ಬೀದಿಯಲ್ಲಿಲ್ಲ. ಹದಿನಾಲ್ಕನೇ ನಂಬರಿನ ಕೊನೆಯ ಸ್ಟಾಪಿನಲ್ಲಿ, ಸೈಕಲ್ ಅಂಗಡಿಯ ಮಹಡಿಯಲ್ಲಿ ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ನಿಜ ಹೇಳು ಎಂದೆಯಲ್ಲ, ಹೇಳುತ್ತೇನೆ. ಹಳೆಯ ಮನೆಯ ಯಜಮಾನನ ಮಗ ಕಟ್ಟಡ ಮಾರಿದ. ಬಿಡಬೇಕು ಎಂದು ಮಾರ್ಚಿನಲ್ಲೇ ಹೇಳಿದ್ದ. ನಿನಗೆ ತಿಳಿಸಿದರೆ ಏರುತ್ತಿದ್ದ ಷೇರನ್ನು ನನಗಾಗಿ ಅರ್ಧದಲ್ಲೇ ಮಾರಿ ಓಡಿಬರುತ್ತೀಯ ಎಂದು ಬಾಯಿ ಮುಚ್ಚಿಕೊಂಡೆ. ನೋಡು ನನ್ನ ಬುದ್ಧಿವಂತಿಕೆ. ಆಗಲೇ ಹೇಳಿದ್ದರೆ ನೀನು ಒಳ್ಳೆಯ ಬೆಲೆಗೆ ಮಾರುತ್ತಿದ್ದೆ. ಅದರ ಮೇಲೆ ಬಸ್ಸು ತುಂಬಿದೆ, ಇನ್ನಷ್ಟು ಕೊಳ್ಳು ಎಂದು ಬೇರೆ ಹೇಳಿದೆ. ದಪ್ಪ ಡ್ರೈವರನಿಗೆ ಇದನ್ನು ಹೇಳಿದೆ. ಅವನು, "ಮಾಲೀಕಮ್ಮ, ಬಸ್ಸು ತುಂಬಿದ್ರೆ ಟೈರಿಗೂ ಖರ್ಚೇ ಅಲ್ವಾ" ಅಂದ. ಷೇರಿನ ವಿಷಯದಲ್ಲಿ ಇನ್ನು ಮೇಲೆ ನನ್ನನ್ನು ಕೇಳಬೇಡ. ದಿಂಬಿನ ವಿಷಯದಲ್ಲಿ ಕೇಳು.

ಈಗ ಕೈಗಾಡಿಯ ದಿನಕ್ಕೆ ಬರೋಣ. ನೀನು ಅದನ್ನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ಅತ್ತದ್ದು ನಿಜ. ಬೀದಿಯ ತಿರುವಿನ ತನಕ. ಆಮೇಲೆ ಟವಲಿನೊಳಗೆ ಏನಾಯಿತು ಎಂದು ನಿನಗೆ ಗೊತ್ತಿಲ್ಲ, ಯಾಕೆಂದರೆ ನೀನು ಗಾಡಿಯ ಮೇಲಿದ್ದೆ. ಸುತ್ತಿದ ಹಾಸಿಗೆಯ ಮೇಲೆ ಕಾಲು ಮಡಿಸಿ ಕೂತು, ತಲೆಗೆ ಅನ್ನದ ಪಾತ್ರೆ ಬೋರಲು ಹಾಕಿಕೊಂಡು, ದಾರಿಯಲ್ಲಿ ಹೋಗುವವರಿಗೆಲ್ಲ ಕೈ ಬೀಸುತ್ತಿದ್ದೆ. ಒಬ್ಬ ಪೊಲೀಸು ಅದನ್ನು ನೋಡಿ ಗಾಡಿ ನಿಲ್ಲಿಸಿ, ನೆಟ್ಟಗೆ ನಿಂತು ನಿನಗೆ ಸಲ್ಯೂಟು ಹೊಡೆದ. ಕೈಗಾಡಿಯವನು ನಕ್ಕೂ ನಕ್ಕೂ ಗಾಡಿಯ ಹಿಡಿ ಬಿಟ್ಟ, ಗಾಡಿ ಹಿಂದಕ್ಕೆ ಬಂದು ನನ್ನ ಹೊಟ್ಟೆಗೆ ತಾಗಿತು. ಆಗ ಟವಲಿನೊಳಗೆ ನಾನು ನಗುತ್ತಿದ್ದೆ ಕಣೇ. ತೆಗೆದರೆ ನೀನು ಇನ್ನೂ ಕುಣಿದು ಗಾಡಿಯಿಂದ ಬೀಳುತ್ತೀಯ ಎಂದು ಮುಖ ಮುಚ್ಚಿಕೊಂಡೇ ನಡೆದೆ. ಹೊಸ ಮನೆ ಬರುವ ಹೊತ್ತಿಗೆ ಟವಲು ಒದ್ದೆಯಾಗಿತ್ತು, ಯಾವ ನೀರು ಎಷ್ಟು ಎಂದು ನನಗೂ ಗೊತ್ತಿಲ್ಲ. ನೀನು ನೋಡಿದ್ದು ಟವಲನ್ನು ಮಾತ್ರ.

ಈ ಸಲ ಹೇಗೆ ಬಂದೆ ಗೊತ್ತೇ? ಕಂಪನಿಯ ಬಸ್ಸಿನಲ್ಲಿ. ದಪ್ಪ ಡ್ರೈವರನ ಸೋದರತ್ತೆಯದೇ ಈ ಮನೆ. ಅವನೇ ಮಾತಾಡಿದ್ದು. ಮಧ್ಯಾಹ್ನ ಜನ ಕಡಿಮೆ ಇರುವ ಟ್ರಿಪ್ಪಿಗೆ ನನ್ನ ಹತ್ತಿಯ ಮೂಟೆಗಳನ್ನು ಡ್ರೈವರುಗಳೇ ಹತ್ತಿಸಿದರು. ಸಾಹೇಬ, "ಬಿಡಿ ಮಾಲೀಕಮ್ಮ, ಲಗೇಜ್ ಟಿಕೆಟ್ ಬೇಡ" ಅಂದ. "ನೀವು ಹೀಗೆ ಬಿಡ್ತಾ ಹೋದ್ರೆ ನಮ್ಮ ಷೇರು ಇಳಿಯದೆ ಇನ್ನೇನಾಗುತ್ತೆ?" ಎಂದು ಅಷ್ಟಕ್ಕೂ ಟಿಕೆಟ್ಟು ಹರಿಸಿದೆ. ಒಂದು ಮೂಟೆಯ ಬಾಯಿ ಬಿಚ್ಚಿಹೋಗಿ ಕಿಟಕಿಯಿಂದ ಹತ್ತಿ ಹಾರಿತು. ದಾರಿಯುದ್ದಕ್ಕೂ ಜನ ಬಸ್ಸನ್ನು ನೋಡುತ್ತಾ ನಿಂತರು. ನಾನು ಕಿಟಕಿಯಿಂದ ಕೈ ಬೀಸಿದೆ. ತಲೆಯ ಮೇಲೆ ಪಾತ್ರೆ ಒಂದಿರಲಿಲ್ಲ. ಅದನ್ನು ಹಾಕಿಕೊಳ್ಳುವವಳು ಪಕ್ಕದಲ್ಲಿರಲಿಲ್ಲ.

ಅದೊಂದೇ ಕೊರತೆ, ಪುಟ್ಟಿ. ಬಾಗಿಲು ಯಾರದ್ದೆಂದು ನಾನು ಯಾವತ್ತೂ ಕೇಳಿದವಳಲ್ಲ. ಸಂಜೆ ಬಾಗಿಲು ತಟ್ಟುವವರು ಯಾರು ಎಂದು ಮಾತ್ರ ಕೇಳುತ್ತೇನೆ. ಆ ನಲವತ್ತು ಷೇರು ನನಗೆ ಯಾಕೆ ಹಿಡಿಸಿತು ಎಂದು ಯೋಚಿಸಿದೆ. ದುಡ್ಡಿಗಲ್ಲ. ಬಸ್ಸು ಹತ್ತಿದರೆ ನಾಲ್ಕು ಜನ 'ಬನ್ನಿ ಮಾಲೀಕಮ್ಮ, ನಿನ್ನೆ ಯಾಕೆ ಬರಲಿಲ್ಲ?' ಎನ್ನುತ್ತಾರೆ. ಅದಕ್ಕೆ. ನೀನು ಫೋನಿನಲ್ಲಿ ಹಗಲೆಲ್ಲ ಹುಡುಕುವುದೂ ಅದನ್ನೇ ಎಂದು ನನಗೆ ಅನಿಸುತ್ತದೆ. ಅದರಲ್ಲಿ ಅಂಕಿ ಸಿಗುತ್ತದೆ, ನಿನ್ನೆ ಯಾಕೆ ಬರಲಿಲ್ಲ ಎಂದು ಅದು ಕೇಳುವುದಿಲ್ಲ.

ಷೇರು ಅದರ ಪಾಡಿಗೆ ಇರಲಿ. ಏರಿದರೆ ಏರಲಿ, ಮುಂದೆ ಮನೆ ಕೊಂಡರೆ ನಾನೇ ಮೊದಲು ಒಳಗೆ ಕಾಲಿಡುತ್ತೇನೆ, ಬೇಡ ಎನ್ನುವವಳಲ್ಲ. ಇಳಿದರೆ ಇಳಿಯಲಿ. ಆದರೆ ನಾವಿಬ್ಬರೂ ಒಟ್ಟಿಗೆ ಇರುವುದನ್ನು ಅದರ ಹೆಗಲ ಮೇಲೆ ಹೊರಿಸಬೇಡ. ಆ ಭಾರಕ್ಕೆ ಅದೂ ಕುಸಿದಿರಬೇಕು.

ಇನ್ನು ಮುಖ್ಯ ವಿಷಯ. ಈ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ನಾನು ಮತ್ತು ಹತ್ತಿ. ಇನ್ನೊಂದು ಖಾಲಿ. ಕಿಟಕಿ ಬಯಲಿಗೆ ತೆರೆಯುತ್ತದೆ, ಬಸ್ಸುಗಳು ತಿರುಗುವುದು ಕಾಣುತ್ತದೆ. ಮೆಟ್ಟಿಲು ಕಡಿದಲ್ಲ. ನೀರು ಎರಡು ಹೊತ್ತು. ನಿನಗೆಂದು ಹಾಸಿಗೆ ಹೊಲಿದಾಗಿದೆ, ಈ ಸಲ ಕತ್ತರಿ ಒಳಗಿಲ್ಲ, ತಡವಿ ನೋಡಿದ್ದೇನೆ. ಇದೇ ದಾರಿಯ ನಡುವಿನ ಸ್ಟಾಪಿನಲ್ಲಿ ಹಲ್ಲು ಕಟ್ಟುವ ಲ್ಯಾಬು ಒಂದಿದೆ, 'ಕೆಲಸಗಾರರು ಬೇಕಾಗಿದ್ದಾರೆ' ಎಂಬ ಬೋರ್ಡು ತೂಗುತ್ತಿದೆ. ಒಳಗೆ ಹೋಗಿ ವಿಚಾರಿಸಿದೆ. ನನ್ನ ಬಾಯಿಯ ಸೆಟ್ಟನ್ನು ತೆಗೆದು ಮೇಜಿನ ಮೇಲಿಟ್ಟು, "ಇದು ನಮ್ಮ ಹುಡುಗಿ ಮಾಡಿದ್ದು, ನೋಡಿ" ಎಂದೆ. ಹಲ್ಲಿಲ್ಲದ ಬಾಯಲ್ಲಿ ಹೇಳಿದ್ದು ಅವರಿಗೆ ಅರ್ಧ ಅರ್ಥವಾಯಿತೋ ಇಲ್ಲವೋ, ಬರಹೇಳಿ ಅಂದರು.

ಆ ಊರು ಬಿಡಲು ನಿನಗೆ ಮನಸ್ಸಿಲ್ಲವಾದರೆ ಅದನ್ನೂ ನೇರವಾಗಿ ಬರಿ. ನಾನು ದಬ್ಬಳ ಹಿಡಿದು ನೀನಿರುವ ಆ ಒಂದು ಕೋಣೆಗೇ ಬರುತ್ತೇನೆ. ಹತ್ತಿ ಎಲ್ಲ ಊರಲ್ಲೂ ಸಿಗುತ್ತದೆ. ಬೆಲೆ ಏರಲಿ ಆಮೇಲೆ ನೋಡೋಣ ಎಂದು ಮಾತ್ರ ಬರೆದೆಯೋ, ಆ ಕಾಗದವನ್ನು ದಪ್ಪ ಡ್ರೈವರನ ದಿಂಬಿಗೆ ತುಂಬುತ್ತೇನೆ.

ಮನೆಯೊಡತಿ ನನ್ನ ವಯಸ್ಸಿನವಳು, ನನಗಿಂತ ಬಾಯಿ ಜೋರು. "ಖಾಲಿ ಕೋಣೇನ ತಿಂಗಳ ಕೊನೇ ತನಕ ಹಿಡಿದಿಡ್ತೀನಿ, ಆಮೇಲೆ ನಿಮ್ಮ ಮೊಮ್ಮಗಳಾದ್ರೂ ಸರಿ, ಬೇರೆಯವರಾದ್ರೂ ಸರಿ" ಎಂದಿದ್ದಾಳೆ. ಅವಳ ಎದುರು ನನ್ನ ಮಾತು ನಡೆಯುವುದಿಲ್ಲ. ಆದ್ದರಿಂದ ನೀನು ಬರುತ್ತೀಯೋ, ನಾನು ಬರಬೇಕೋ, ಎರಡರಲ್ಲಿ ಒಂದನ್ನು ದೊಡ್ಡ ಅಕ್ಷರದಲ್ಲಿ ಬರೆದು ಇವತ್ತೇ ಅಂಚೆಗೆ ಹಾಕು. ಮುಂದಿನ ತಿಂಗಳು ಕಾಲಿಡುವ ಮೊದಲು ಉತ್ತರ ನನ್ನ ಕೈಯಲ್ಲಿರಬೇಕು.

ಅಜ್ಜಿ